ಕೆಲಸ ಜಾಸ್ತಿ ಅಂತ ಟೆನ್ಷನ್ನಾ, ಇಲ್ಲಾ ಬೇರೆ ಏನಾದ್ರೂ ಇದೆಯಾ?

ಬಿ ಶಿಫ್ಟ್ ಹುಡುಗ (ವೇಮಗಲ್)

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನೀಲಿ ಹೋದ ವಾರ ‘ಒತ್ತಡ ನಿರ್ವಹಣೆ’ ಅಂತ ಕಾರ್ಯಕ್ರಮ ಇಟ್ಟಿದ್ರು. ಯಾವಾಗ ಅಂದ್ರೆ ಭಾನುವಾರ! ವಾರಕ್ಕೆ ಸಿಗೋ ಒಂದೇ ರಜೆ. ಬಂದವರಿಗೆ ಹಾಜರಿ, ಬರದವರ ಹೆಸರು ಬೇರೆ ಪಟ್ಟೀಲಿ. ಬೆಂಗಳೂರಿಂದ ಬಂದಿದ್ದ ಮೇಡಂ ಉಸಿರು ಎಳ್ಕೊಳ್ಳಿ, ನಿಧಾನಕ್ಕೆ ಬಿಡಿ, ಒಳ್ಳೇದನ್ನೇ ಯೋಚ್ನೆ ಮಾಡಿ ಅಂದ್ರು. ನನ್ನ ಪಕ್ಕದೋನು ಕಣ್ಣು ಮುಚ್ಚಿದ್ದೇ ತಡ ಗೊರಕೆ ಶುರು ಮಾಡ್ದ. ಪಾಪ, ರಾತ್ರಿ ಶಿಫ್ಟ್ ಮುಗಿಸ್ಕೊಂಡು ನೇರ ಅಲ್ಲಿಗೇ ಬಂದಿದ್ದ.

ಮೇಡಂ ಬಗ್ಗೆ ದೂರಿಲ್ಲ, ಚೆನ್ನಾಗಿ ಮಾತಾಡಿದ್ರು. ಆದ್ರೆ ನಿಮಗೆ ಟೆನ್ಷನ್ ಯಾತಕ್ಕೆ ಆಗುತ್ತೆ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ರೆ ನಾನು ಹೇಳ್ತಿದ್ದೆ: ಕೆಲಸದಿಂದಲ್ಲ. ಸ್ಕ್ರೂ ಹಾಕೋದು ನಮಗೆ ಅಭ್ಯಾಸ ಆಗೋಗಿದೆ. ನಾಳೆ ಯಾವ ಶಿಫ್ಟ್ ಅಂತ ಇವತ್ತು ರಾತ್ರಿ ವಾಟ್ಸಾಪ್‌ನಲ್ಲಿ ಬರೋವರೆಗೂ ಗೊತ್ತಿರಲ್ಲ ನೋಡಿ, ಅದು. ತಂಗಿ ನಿಶ್ಚಿತಾರ್ಥಕ್ಕೆ ಇರ್ತೀನೋ ಇಲ್ವೋ ಅಂತ ಅಮ್ಮಂಗೆ ಹೇಳೋಕಾಗಲ್ಲ. ಇನ್ನೊಂದು, ನಾನು ಕಾಂಟ್ರಾಕ್ಟ್ ಮೇಲೆ ಇರೋದು. ಗೇಟ್ ಪಾಸ್ ಮುಗಿಯೋ ತಿಂಗಳು ಬಂತು ಅಂದ್ರೆ ಊಟ ಸೇರಲ್ಲ. ಮುಂದಕ್ಕೆ ಹಾಕ್ತಾರಾ, ಬೇಡ ಅಂತಾರಾ, ಯಾರನ್ನ ಕೇಳ್ಬೇಕು ಅಂತ್ಲೂ ಗೊತ್ತಿಲ್ಲ. ಕಂಪನಿಯೋರು ಏಜೆನ್ಸಿ ಕೇಳು ಅಂತಾರೆ, ಏಜೆನ್ಸಿಯೋರು ಕಂಪನಿ ಕೇಳು ಅಂತಾರೆ.

ನಿಮ್ಮ ಕೆಲಸದಲ್ಲಿ ನಿಜವಾಗ್ಲೂ ತಲೆ ತಿನ್ನೋದು ಯಾವುದು? ಫ್ಯಾಕ್ಟರಿಯೋರೇ ಆಗ್ಬೇಕು ಅಂತೇನಿಲ್ಲ.

ಮಾರಿಕುಪ್ಪಂ ಪ್ಯಾಸೆಂಜರ್

ಬ್ರದರ್, ನಮ್ಗೆ ಕೆಲಸಕ್ಕಿಂತ ಮುಂಚೇನೇ ಟೆನ್ಷನ್ ಶುರು. ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಅರ್ಧ ಊರು ಬೆಳಗ್ಗೆ ರೈಲಲ್ಲೇ ಇರುತ್ತೆ. ಬಂಗಾರಪೇಟೆ ಬರೋ ಹೊತ್ತಿಗೆ ಕಾಲಿಡೋಕೆ ಜಾಗ ಇರಲ್ಲ. ವೈಟ್‌ಫೀಲ್ಡ್ ಹತ್ರ ಎಕ್ಸ್‌ಪ್ರೆಸ್‌ಗೆ ದಾರಿ ಬಿಡೋಕೆ ಅಂತ ನಿಲ್ಲಿಸಿದ್ರೆ ಬೋಗಿಯೋರೆಲ್ಲಾ ಒಟ್ಟಿಗೆ ಮೊಬೈಲ್ ತೆಗೆದು ಟೈಮ್ ನೋಡ್ತೀವಿ. ಹದಿನೈದು ನಿಮಿಷ ಲೇಟ್ ಆದ್ರೆ ಅರ್ಧ ದಿನ ಕಟ್. ರೈಲು ಓಡಿಸೋನು ನಾನಲ್ಲ, ಸಂಬಳ ಕಟ್ ಆಗೋದು ಮಾತ್ರ ನಂದು. ಸಂಜೆ ಅದೇ ಕಥೆ ಉಲ್ಟಾ. ಮಗು ಎದ್ದಿರೋವಾಗ ಮುಖ ನೋಡೋದು ಭಾನುವಾರ ಒಂದೇ ದಿನ.

ಒಂದು ಒಳ್ಳೇದಿದೆ, ಹೇಳ್ಬೇಕು. ಕೂತು ಇಸ್ಪೀಟ್ ಆಡೋ ಗ್ಯಾಂಗ್ ಐತೆ ನಮ್ದು. ಆಫೀಸ್ ವಿಷಯ ಎತ್ತಿದೋನಿಗೆ ಟೀ ಕೊಡಿಸೋ ದಂಡ.

ಮಾಲೂರು ಅಕ್ಕ

ತಮ್ಮಾ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮಲ್ಲಿ ಗಂಟೆಗೊಂದ್ಸಲ ಬೋರ್ಡ್ ಮೇಲೆ ಬರೀತಾರೆ, ಎಷ್ಟು ಪೀಸ್ ಆಗ್ಬೇಕಿತ್ತು, ಎಷ್ಟು ಆಯ್ತು ಅಂತ. ಕಮ್ಮಿ ಆದ ಗಂಟೆದು ಕೆಂಪು ಶಾಯೀಲಿ. ಇಡೀ ಫ್ಲೋರ್ ನೋಡುತ್ತೆ. ನನ್ನ ಹಿಂದಿನೋಳು ಕಾಲರ್ ಕಳಿಸದೇ ಇದ್ರೆ ನಾನು ಏನ್ ಹೊಲೀಲಿ? ಆದ್ರೂ ಕೆಂಪು ನಂದೇ.

ಗಂಡಸರಿಗೆ ಹೊಳೀದೇ ಇರೋದು ಒಂದು ಹೇಳ್ತೀನಿ, ಬೇಜಾರಾಗ್ಬೇಡಿ. ಟಾಯ್ಲೆಟ್‌ಗೆ ಹೋಗ್ಬೇಕು ಅಂದ್ರೆ ಟೋಕನ್ ತಗೋಬೇಕು, ಲೈನಿಗೆ ಎರಡೇ ಟೋಕನ್ನು. ಅದಕ್ಕೆ ನಾವು ನೀರೇ ಕುಡಿಯಲ್ಲ. ಬೇಸಿಗೇಲಿ ಉರಿಮೂತ್ರ ಬಂದು ಮಾತ್ರೆ ನುಂಗದೋಳು ನಮ್ಮ ಲೈನಲ್ಲಿ ಕಡಿಮೆ. ಮುಟ್ಟಿನ ದಿನಗಳ ಮಾತು ಬಿಡಿ. ಫೋನು ಲಾಕರ್‌ನಲ್ಲಿ ಇಡಿಸ್ಕೋತಾರೆ, ಮಗೂಗೆ ಜ್ವರ ಬಂದಿದೆ ಅಂತ ಅಂಗನವಾಡಿಯಿಂದ ಫೋನ್ ಮಾಡಿದ್ರೂ ನಮಗೆ ತಿಳಿಯೋದು ಸಂಜೆ. ದಿನವೆಲ್ಲಾ ಕೈ ಹೊಲೀತಿರುತ್ತೆ, ಮನಸ್ಸು ಮನೇಲಿ ಇರುತ್ತೆ.

ಗಟ್ಟಿ ಜೀವ

ಈಗಿನೋರಿಗೆ ತಾಳ್ಮೆ ಅನ್ನೋದೇ ಇಲ್ಲ. ನಮ್ಮಪ್ಪ ಹೊಲದಲ್ಲಿ ಬೆಳಗಿನ ಜಾವದಿಂದ ಕತ್ತಲಾಗೋವರೆಗೂ ದುಡೀತಿದ್ರು. ಟೆನ್ಷನ್ ಅನ್ನೋ ಪದಾನೇ ಗೊತ್ತಿರಲಿಲ್ಲ ಅವರಿಗೆ. ಫ್ಯಾನ್ ಕೆಳಗೆ ಕೂತು ಸ್ಕ್ರೂ ಹಾಕೋಕೆ ಇಷ್ಟು ಗೋಳು.

ಮಂಡಿ ರೈಟರ್

ಗಟ್ಟಿ ಜೀವ ಅಣ್ಣೋ, ನಮ್ಮ ಕೋಲಾರ ಎಪಿಎಂಸಿಗೆ ಬೆಳಗ್ಗೆ ಒಂದ್ಸಲ ಬಾ. ಹರಾಜು ಕೂಗೋವಾಗ ಟೊಮ್ಯಾಟೊ ಬಾಕ್ಸ್ ಪಕ್ಕ ನಿಂತಿರೋ ರೈತನ ಮುಖ ನೋಡು, ಆಮೇಲೆ ಹೇಳು ಹೊಲದಲ್ಲಿ ಟೆನ್ಷನ್ ಇಲ್ಲ ಅಂತ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಅದೇ ಹಣ್ಣನ್ನ ಬೇರೆ ವರ್ಷ ರಸ್ತೆಗೆ ಸುರಿದು ಹೋಗಿರೋದನ್ನೂ ನೋಡಿದೀವಿ. ಬೆಳೆ ಅವನ ಕೈಲಿ, ಬೆಲೆ ಯಾರ ಕೈಲೋ. ನಿಮ್ಮಪ್ಪ ಹೇಳ್ಕೊಳ್ಳಲಿಲ್ಲ ಅಷ್ಟೇ.

ನಡುವೆ ಸಿಕ್ಕಾಕ್ಕೊಂಡೋನು (ನರಸಾಪುರ)

ಇಲ್ಲಿ ಎಲ್ಲರೂ ಬೈಯೋ ಆ ಸೂಪರ್‌ವೈಸರ್ ನಾನೇ ಅಂತ ಇಟ್ಕೊಳ್ಳಿ. ನನ್ನ ಕಡೆಯದೂ ಸ್ವಲ್ಪ ಕೇಳಿ.

ಬಿ ಶಿಫ್ಟ್ ತಮ್ಮಾ, ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಹಾಕೋನು ನನ್ನಂಥೋನೇ. ಯಾಕೆ ಅಷ್ಟೊತ್ತಿಗೆ ಗೊತ್ತಾ? ನಾಳೆ ಎಷ್ಟು ಮಾಲು ಬೇಕು ಅಂತ ನನಗೆ ಮೇಲಿಂದ ಬರೋದೇ ಎಂಟೂವರೆಗೆ. ಲೈನಿಗೆ 40 ಜನ ಬೇಕು. ಬರೋದು 34, ಕೆಲವು ದಿನ 31. ಟಾರ್ಗೆಟ್ ಮಾತ್ರ 40 ಜನರದ್ದೇ. ಜನ ಹೆಚ್ಚಿಗೆ ತಗೊಳ್ಳೋ ಅಧಿಕಾರ ನನಗಿಲ್ಲ, ರಜೆ ಇಲ್ಲ ಅನ್ನೋ ಕೆಲಸ ಮಾತ್ರ ನಂದು. ಮೇಲಿನೋರು ನನಗೆ ಇಂಗ್ಲಿಷ್‌ನಲ್ಲಿ ಬೈತಾರೆ, ನಾನು ಅದನ್ನ ಕನ್ನಡದಲ್ಲಿ ನಿಮಗೆ ದಾಟಿಸ್ತೀನಿ. ಮದ್ದಳೆಗೆ ಎರಡೂ ಕಡೆ ಪೆಟ್ಟು ಅಂತಾರಲ್ಲ, ಹಂಗೆ. ಶುಗರ್ ಬಂದಿದೆ, ವಯಸ್ಸು ನಲವತ್ತೂ ಆಗಿಲ್ಲ.

2020ರ ಡಿಸೆಂಬರ್‌ನಲ್ಲಿ ಇದೇ ನರಸಾಪುರದಲ್ಲಿ ಫೋನ್ ತಯಾರಿಸೋ ಕಾರ್ಖಾನೇಲಿ ಗಾಜು ಪುಡಿ ಆದದ್ದು ಎಲ್ಲರಿಗೂ ನೆನಪಿರ್ಬೇಕು. ಟಿವಿಯೋರು ಪುಂಡಾಟ ಅಂದ್ರು. ಆಮೇಲೆ ತನಿಖೇಲಿ ಹೊರಗೆ ಬಂದದ್ದು ಏನು? ಕೆಲವೇ ತಿಂಗಳಲ್ಲಿ ಸಾವಿರಾರು ಜನಾನ ಸೇರಿಸ್ಕೊಂಡು, ಹಾಜರಿ ಲೆಕ್ಕ, ಸಂಬಳ ಲೆಕ್ಕ ನೋಡ್ಕೊಳ್ಳೋ ವ್ಯವಸ್ಥೆ ಅದಕ್ಕೆ ತಕ್ಕ ಹಾಗೆ ಬೆಳೆಸದೇ ಇದ್ದದ್ದು. ಒಡೆದದ್ದು ಸರಿ ಅಂತ ಹೇಳ್ತಿಲ್ಲ. ದುಡಿದ ಗಂಟೆ ಮೆಷೀನಲ್ಲಿ ಬರ್ದೇ ಇದ್ರೆ, ಯಾರನ್ನ ಕೇಳ್ಬೇಕು ಅಂತ ತಿಳೀದೇ ಇದ್ರೆ, ಮನುಷ್ಯ ಎಷ್ಟು ದಿನ ಉಸಿರು ಎಳ್ಕೊಂಡು ಬಿಟ್ಕೊಂಡು ಇರ್ತಾನೆ?

ನೈಟ್ ಡ್ಯೂಟಿ ಸಿಸ್ಟರ್

ಬಿ ಶಿಫ್ಟ್ ಅವರು ಹೇಳಿದ್ದು ಬರೀ ಅವರ ಅನುಭವ ಅಲ್ಲ, ಇದರ ಮೇಲೆ ದೊಡ್ಡ ಅಧ್ಯಯನಗಳೇ ಆಗಿವೆ. ನಾನು ಸ್ಟಾಫ್ ನರ್ಸ್. ಮುಂದೆ ಓದುವಾಗ ಈ ವಿಷಯದ ಮೇಲೆ ಪ್ರಬಂಧ ಬರೆದಿದ್ದೆ, ಅದಕ್ಕೇ ಇಷ್ಟು ಹೇಳೋ ಧೈರ್ಯ.

ರಾಬರ್ಟ್ ಕರಾಸೆಕ್ ಅನ್ನೋರು 1979ರಲ್ಲಿ ಒಂದು ಮಾತು ಮುಂದಿಟ್ರು. ಕೆಲಸದ ಹೊರೆ ಜಾಸ್ತಿ ಇದ್ದು, ಆ ಕೆಲಸವನ್ನ ಯಾವಾಗ, ಹೇಗೆ ಮಾಡ್ಬೇಕು ಅನ್ನೋದರಲ್ಲಿ ನಮ್ಮ ಮಾತು ನಡೆಯದೇ ಇದ್ದಾಗಲೇ ಮನುಷ್ಯ ಹೆಚ್ಚು ಕುಗ್ಗೋದು ಅಂತ. ಹೊರೆ ಜಾಸ್ತಿ ಇದ್ರೂ ಹಿಡಿತ ನಮ್ಮ ಕೈಲಿದ್ರೆ ಅಷ್ಟು ಪೆಟ್ಟು ಬೀಳಲ್ಲ. ಬ್ರಿಟನ್ನಿನಲ್ಲಿ ಸರ್ಕಾರಿ ನೌಕರರನ್ನೇ ಹಿಡ್ಕೊಂಡು 1967ರಿಂದ ವೈಟ್‌ಹಾಲ್ ಅಧ್ಯಯನ ಅಂತ ನಡೀತು. ದೊಡ್ಡ ಸಾಹೇಬರಿಗೇ ಹೃದಯದ ಕಾಯಿಲೆ ಹೆಚ್ಚು ಅಂತ ಜನ ಅಂದ್ಕೊಂಡಿದ್ರು. ಲೆಕ್ಕ ತೆಗೆದಾಗ ಉಲ್ಟಾ. ಕೆಳಗಿನ ದರ್ಜೆ ನೌಕರರಲ್ಲೇ ಹೃದಯದ ಕಾಯಿಲೆಯ ಸಾವು ಹೆಚ್ಚು. ಬೀಡಿ-ಸಿಗರೇಟು, ಬಿಪಿ ಎಲ್ಲಾ ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಪೂರ್ತಿ ಹೋಗಲಿಲ್ಲ. ಮುಂದೆ 1985ರಿಂದ ಎರಡನೇ ಸುತ್ತು ನಡೆಸಿದಾಗ, ಕೆಲಸದ ಮೇಲೆ ಹಿಡಿತ ಇಲ್ಲದೇ ಇರೋದೂ ಒಂದು ಕಾರಣ ಅಂತ ಕಂಡ್ಕೊಂಡ್ರು.

ಹಾಗಂತ ಗಂಟೆಗಳ ಲೆಕ್ಕ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿದ್ದು: ವಾರಕ್ಕೆ 55 ಗಂಟೆ ಇಲ್ಲಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ಬರೋ ಸಂಭವ ಸುಮಾರು 35 ಶೇಕಡ ಹೆಚ್ಚು. ಮಾರಿಕುಪ್ಪಂ ಬ್ರದರ್, ಆ 55ರಲ್ಲಿ ನಿಮ್ಮ ರೈಲಿನ ಗಂಟೆ ಸೇರಿಲ್ಲ!

ನನ್ನದೇ ಹೇಳೋದಾದ್ರೆ ನೈಟ್ ಡ್ಯೂಟಿ ಬೇಜಾರಿಲ್ಲ. ಮೂರು ರಾತ್ರಿ, ಆಮೇಲೆ ಒಂದು ಬೆಳಗ್ಗೆ, ಮತ್ತೆ ರಾತ್ರಿ, ಹೀಗೆ ತಿರುಗಿಸ್ತಾರಲ್ಲ ಅದಕ್ಕೆ ದೇಹ ಒಪ್ಪಲ್ಲ. ರೋಗಿ ಕಡೆಯೋರು ಡಾಕ್ಟರ್ ಮುಂದೆ ಕೈ ಮುಗೀತಾರೆ, ಅವರು ಆ ಕಡೆ ಹೋದ್ಮೇಲೆ ನಮ್ಮ ಮೇಲೆ ಎಗರಾಡ್ತಾರೆ.

ಮಂಡಿ ರೈಟರ್

ಸಿಸ್ಟರ್, ಪಾಯಿಂಟು ಪಕ್ಕಾ. ಬೆಲೆ ಯಾರ ಕೈಲೋ ಅಂದ್ನಲ್ಲ, ನಾನೂ ಕರಾಸೆಕ್ಕೇ.

ಮೇಷ್ಟ್ರು, ಮುಳಬಾಗಿಲು

ಸರ್ಕಾರಿ ಕೆಲಸದವರಿಗೇನು ಕಷ್ಟ ಎಂದು ಯಾರಾದರೂ ಕೇಳುವ ಮುಂಚೆ ನಾನೇ ಬರೆದುಬಿಡುತ್ತೇನೆ. ಪಾಠ ಮಾಡುವುದರಿಂದ ನನಗೆ ಒಂದು ದಿನವೂ ಆಯಾಸವಾಗಿಲ್ಲ. ಮಕ್ಕಳ ಗಲಾಟೆಯೂ ಸರಿಯೇ. ಪಾಠದ ಮಧ್ಯೆ ಟಣ್ ಎನ್ನುವ ವಾಟ್ಸಾಪ್ ಗುಂಪು ಇದೆಯಲ್ಲ, ‘ತುರ್ತು, ಇಂದು ಮಧ್ಯಾಹ್ನ 12ರೊಳಗೆ’ ಎಂಬ ಸಂದೇಶ, ಅದು. ಹಾಜರಿ ಒಂದು ಕಡೆ ಏರಿಸಬೇಕು, ಬಿಸಿಯೂಟದ್ದು ಇನ್ನೊಂದು ಕಡೆ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು ಎಂಬುದು ಬೇರೆ. ಹೋದ ವಾರ ಕೊಟ್ಟ ಅಂಕಿಅಂಶವನ್ನೇ ಈ ವಾರ ಬೇರೆ ನಮೂನೆಯಲ್ಲಿ ಕೇಳುತ್ತಾರೆ.

2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲಿ ಮನೆ ಮನೆ ತಿರುಗಿದ್ದು ನಾವೇ. ಕೆಲಸ ಬೇಡ ಅನ್ನಲಿಲ್ಲ. ಜನ ಬಾಗಿಲು ತೆಗೆದು ಕೂರಿಸಿ ನೀರು ಕೊಟ್ಟರು, ಆದರೆ ಮೊಬೈಲ್ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಇವತ್ತು ಎಷ್ಟು ಮನೆ ಆಯಿತು ಎಂದು ಕೇಳುವವರಿಗೆ ಆ ಚಕ್ರ ಕಾಣಿಸುವುದಿಲ್ಲ.

2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಾಗ ಅವರ ದೊಡ್ಡ ದೂರು ಕೂಡ ಇದೇ ಆಗಿತ್ತು. ಕೈಗೆ ಹತ್ತಾರು ಆ್ಯಪ್ ಕೊಟ್ಟು, ಒಳ್ಳೆ ಮೊಬೈಲನ್ನೂ ಕೂರಲು ಸರಿಯಾದ ಕಚೇರಿಯನ್ನೂ ಕೊಡಲಿಲ್ಲ ಎನ್ನುವುದು. ನನ್ನ ಅಭಿಪ್ರಾಯ ಹೇಳುವುದಾದರೆ, ಕೆಲಸವನ್ನು ಹಗುರ ಮಾಡಲು ಬಂದ ಆ್ಯಪು ಈಗ ಕೆಲಸ ಮಾಡಿದೆವು ಎಂದು ಸಾಬೀತು ಮಾಡುವ ಎರಡನೇ ಕೆಲಸವಾಗಿದೆ.

ಕೌಂಟರ್ ನಂಬರ್ ಎರಡು

ಬ್ಯಾಂಕ್. ಹೆಚ್ಚು ಬರೆಯಲ್ಲ. ಹಸು ಸಾಲಕ್ಕೆ ಬಂದ ಅಜ್ಜಿಗೆ ಇನ್ಶೂರೆನ್ಸ್ ಪಾಲಿಸಿ ಮಾರಬೇಕು. ಅಜ್ಜಿಗೆ ಅದು ಬೇಡ ಅಂತ ನನಗೂ ಗೊತ್ತು. ಮಾರದಿದ್ರೆ ಸಂಜೆ ವಿಡಿಯೋ ಕಾಲ್‌ನಲ್ಲಿ ಬ್ರಾಂಚ್ ಹೆಸರು ಹೇಳಿ ಎಲ್ಲರೆದುರು ನಿಲ್ಲಿಸ್ತಾರೆ. ಮಾರಿದ್ರೆ ಮಾರನೇ ವಾರ ಸಂತೇಲಿ ಅಜ್ಜಿ ಎದುರಿಗೆ ಸಿಕ್ಕಿ ‘ಯಾಕಪ್ಪಾ ದುಡ್ಡು ಹಿಡ್ಕೊಂಡ್ರಿ’ ಅಂತಾರೆ. ಬೆಂಗಳೂರಲ್ಲಾದ್ರೆ ಗಿರಾಕಿ ಮುಖ ಮತ್ತೆ ನೋಡೋದಿಲ್ಲ, ನಮ್ಮ ತಾಲ್ಲೂಕಲ್ಲಿ ದಿನಾ ನೋಡ್ಬೇಕು. ಮನಸ್ಸಿಗೆ ಒಪ್ಪದ್ದನ್ನ ನಗುನಗುತ್ತಾ ಮಾಡೋದು, ಇದನ್ನೂ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ.

ಚಾಂಪಿಯನ್ ರೀಫ್ ತಾತ

ನನ್ನ ಮೊಮ್ಮಗ ಇದನ್ನು ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ನಾನು ಗಣಿಯಲ್ಲಿದ್ದವನು, ಮುಚ್ಚುವವರೆಗೂ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಬಂಡೆ ಸಿಡಿದರೆ ಮೇಲೆ ಊರಿನ ಮನೆಗಳೂ ಅದುರುತ್ತಿದ್ದವು, ಅಡುಗೆಮನೆಯಲ್ಲಿದ್ದ ಹೆಂಗಸರು ಹೊರಗೆ ಓಡಿಬಂದು ಶಾಫ್ಟ್ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಭಯ ಇರಲಿಲ್ಲ ಎಂದರೆ ಸುಳ್ಳು. ಆದರೆ ಜೊತೆಗಾರರು ಇರುತ್ತಿದ್ದರು. ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿ. ಮೇಸ್ತ್ರಿ ಬೈದರೆ ಸಂಜೆ ಎಲ್ಲರೂ ಸೇರಿ ಅವನನ್ನು ಆಡಿಕೊಂಡು ನಗುತ್ತಿದ್ದೆವು. ನಿಮ್ಮ ಮಾತು ಕೇಳಿದರೆ ನಿಮ್ಮಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ಮೊಬೈಲ್ ನೋಡಿಕೊಂಡು ಹೆದರುತ್ತಿದ್ದೀರಿ.

ನಮ್ಮ ಹಿರಿಯರು ಒಂದು ಕಥೆ ಹೇಳುತ್ತಿದ್ದರು. 1930ರಲ್ಲಿ ಗಣಿ ಕಂಪನಿಯವರು ಕೂಲಿಗಳೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಎಂದರಂತೆ. ಬೆರಳಚ್ಚು ತೆಗೆಯುವುದು ಕಳ್ಳರದ್ದು, ನಾವು ಕಳ್ಳರಾ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಆಗ ಸಂಘ ಅಂತ ಇರಲಿಲ್ಲ. ಈಗ ನೀವು ದಿನಾ ಬೆರಳು ಒತ್ತಿ, ಮುಖ ತೋರಿಸಿ ಒಳಗೆ ಹೋಗುತ್ತೀರಿ. ಕಾಲ ಬದಲಾಗಿದೆ, ಒಪ್ಪಿದೆ.

ಗಣಿ ಮುಚ್ಚುವ ಮುಂಚಿನ ವರ್ಷಗಳೇ ನಮಗೆ ಕಷ್ಟವಾದದ್ದು. ಇವತ್ತು ಮುಚ್ಚುತ್ತಾರೆ, ನಾಳೆ ಮುಚ್ಚುತ್ತಾರೆ ಎಂಬ ಸುದ್ದಿ ಬರುತ್ತಲೇ ಇತ್ತು. ಬಂಡೆಗೆ ಹೆದರದವರು ಆ ಸುದ್ದಿಗೆ ಕುಡಿತ ಕಲಿತರು.

ಮಾರಿಕುಪ್ಪಂ ಪ್ಯಾಸೆಂಜರ್

ತಾತಾ, ನಮ್ಮಪ್ಪನೂ ಅದೇ ಗಣೀಲಿದ್ರು. ಕೊನೇ ಸಾಲು ಅವರಿಗೆ ಓದಿ ಹೇಳೋಕೆ ಹೋಗಿಲ್ಲ.

ಗಟ್ಟಿ ಜೀವ

ತಾತ ಹೇಳಿದ್ದು ಒಪ್ಪಿದೆ. ಆದ್ರೂ ಎಲ್ಲಾದಕ್ಕೂ ಮೇಲಿನೋರನ್ನೇ ಬೈಯೋದು ಸರಿಯಲ್ಲ. ಮೂರು ಇಎಂಐ ಮೈಮೇಲೆ ಹಾಕ್ಕೊಂಡು, ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡಿ, ಬೆಳಗ್ಗೆ ಕಂಪನಿಯಿಂದ ಟೆನ್ಷನ್ ಅಂದ್ರೆ?

ಮಾಲೂರು ಅಕ್ಕ

ಗಟ್ಟಿ ಜೀವ ಅಣ್ಣ, ರೀಲ್ಸ್ ಮಾತು ಒಪ್ಪಿದೆ. ಇಎಂಐ ಮಾತು ಅರ್ಧ ಒಪ್ಪಿದೆ. ಸಂಘದ ಸಾಲ ತಲೆ ಮೇಲೆ ಇರೋದ್ರಿಂದಲೇ ಸೂಪರ್‌ವೈಸರ್ ಏನಂದ್ರೂ ಬಾಯಿ ಮುಚ್ಕೊಂಡು ಇರ್ತೀವಿ. ಸಾಲ ಯಾಕಾಯ್ತು ಅಂದ್ರೆ ಮಗಳ ಫೀಸು. ಸಂಬಳ ಅಷ್ಟಿದ್ದಿದ್ರೆ ಸಾಲ ಯಾಕೆ ಮಾಡ್ತಿದ್ದೆ?

ಹೆಸರು ಬೇಡ

ಬರೆಯಲೋ ಬೇಡವೋ ಅಂತ ಯೋಚಿಸಿ ಬರೀತಿದೀನಿ. ಭಾನುವಾರ ಸಂಜೆ ಆದ್ರೆ ಎದೆ ಹೊಡ್ಕೊಳ್ಳೋಕೆ ಶುರು ಆಗುತ್ತೆ. ಇಸಿಜಿ ಮಾಡಿಸ್ದೆ, ನಾರ್ಮಲ್ ಅಂದ್ರು. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಮನೇಲಿ ಸಣ್ಣದಕ್ಕೂ ರೇಗ್ತೀನಿ. ಮೊನ್ನೆ ಬಸ್ಸಲ್ಲಿ ಕೂತಿದ್ದಾಗ ಈ ಬಸ್ಸು ಕೆಟ್ಟು ನಿಂತ್ರೆ ಸಾಕಪ್ಪಾ ಅನ್ನಿಸ್ತು. ಸರ್ಕಾರಿ ಆಸ್ಪತ್ರೇಲಿ ಇದಕ್ಕೆ ತೋರಿಸಬಹುದು ಅಂತಾರೆ. ಆದ್ರೆ ನಮ್ಮ ತಾಲ್ಲೂಕು ಆಸ್ಪತ್ರೇಲಿ ಚೀಟಿ ಬರೆಯೋನು ನಮ್ಮ ಬೀದಿಯೋನೇ. ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗುತ್ತೆ.

ನೈಟ್ ಡ್ಯೂಟಿ ಸಿಸ್ಟರ್

ಹೆಸರು ಬೇಡ ಅವರೇ, ಬರೆದದ್ದು ಒಳ್ಳೇದಾಯ್ತು. ಎದೆ ಹೊಡ್ಕೊಳ್ಳೋದು, ನಸುಕಿನಲ್ಲಿ ಎಚ್ಚರ ಆಗೋದು, ರೇಗೋದು, ಇವಕ್ಕೆ ಚಿಕಿತ್ಸೆ ಇದೆ. ಹುಚ್ಚು ಅಂತ ಯಾರಾದ್ರೂ ಅಂದ್ರೆ ಅದು ಅವರ ಅಜ್ಞಾನ.

ಊರಿನ ಮುಜುಗರ ಇದ್ರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಮ ಬೀದಿಯೋರು ಯಾರೂ ಇರಲ್ಲ. ಆಮೇಲೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಮನೋವೈದ್ಯರು ಬರ್ತಾರೆ. ನಿಮ್ಮ ತಾಲ್ಲೂಕು ಬೇಡ ಅಂದ್ರೆ ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆಗೆ ಬನ್ನಿ, ಸಂತೆಗೆ ಬಂದೆ ಅಂತ ಹೇಳಿದ್ರಾಯ್ತು.

ಬಸ್ಸು ಕೆಟ್ಟು ನಿಲ್ಲಲಿ ಅನ್ನೋ ಯೋಚನೆ ಮುಂದೆ ಹೋಗಿ, ನಾನೇ ಇರಬಾರದು ಅನ್ನೋ ಕಡೆ ತಿರುಗಿದ್ರೆ ಮಂಗಳವಾರಕ್ಕೆ ಕಾಯಬೇಡಿ. ಅವತ್ತೇ ಫೋನ್ ಮಾಡಿ, ಮನೇಲಿ ಒಬ್ಬರಿಗಾದ್ರೂ ಹೇಳಿ.

ಎಚ್ಆರ್ ಅಂತ ಬೈಬೇಡಿ

ಓದಿ ಸುಮ್ಮನಿರೋಣ ಅಂದ್ಕೊಂಡಿದ್ದೆ. ಭಾನುವಾರದ ಕಾರ್ಯಕ್ರಮದ ಒಳಗುಟ್ಟು ಹೇಳ್ತೀನಿ. ಹೊರದೇಶದ ಗಿರಾಕಿ ಕಂಪನಿಯೋರು ಆಡಿಟ್‌ಗೆ ಬಂದಾಗ ‘ಕಾರ್ಮಿಕರ ಮಾನಸಿಕ ಆರೋಗ್ಯಕ್ಕೆ ಏನು ಮಾಡಿದೀರಿ’ ಅಂತ ಒಂದು ಖಾನೆ ಇರುತ್ತೆ. ಅದಕ್ಕೆ ಫೋಟೋ ಬೇಕು. ವಾರದ ದಿನ ಮಾಡಿದ್ರೆ ಲೈನ್ ನಿಲ್ಲುತ್ತೆ. ಅಷ್ಟೇ ಕಥೆ.

ಗೊತ್ತಿರಬೇಕಾದ ಕೆಲವು ವಿಷಯ ಹೇಳ್ತೀನಿ. ವಾರಕ್ಕೆ 48 ಗಂಟೆ ಮೀರಿದ್ರೆ ದುಪ್ಪಟ್ಟು ದರದಲ್ಲಿ ಓಟಿ, ಇದು 1948ರ ಕಾರ್ಖಾನೆ ಕಾಯ್ದೇಲೂ ಇತ್ತು. 2023ರಲ್ಲಿ ನಮ್ಮ ರಾಜ್ಯ ದಿನಕ್ಕೆ 12 ಗಂಟೆವರೆಗೆ ಅಂತ ತಿದ್ದುಪಡಿ ತಂದಾಗ್ಲೂ ವಾರದ 48 ಹಾಗೇ ಉಳೀತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಓಟಿ ದುಪ್ಪಟ್ಟೇ, ಜೊತೆಗೆ ಎಲ್ಲರಿಗೂ ನೇಮಕ ಪತ್ರ ಕೊಡ್ಬೇಕು. ಬಿ ಶಿಫ್ಟ್ ಅವರೇ, ಅದು ನಿಮ್ಮ ಕೈಲಿದೆಯಾ ನೋಡಿ. ಇಎಸ್ಐ ಕಟ್ಟಾಗ್ತಿದ್ರೆ ಡಾಕ್ಟರ್ ಬರೆದುಕೊಟ್ಟ ಕಾಯಿಲೆ ರಜೆಗೆ ಕೂಲಿಯ 70 ಶೇಕಡ ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಮನಸ್ಸಿನ ಕಾಯಿಲೆ ಅಂತ ಅದನ್ನ ಬೇರೆ ಇಡಲ್ಲ. ಮಾಲೂರು ಅಕ್ಕ, ಬೈಗುಳ ಲೈಂಗಿಕವಾಗಿ ಇದ್ರೆ 2013ರ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ದೂರು ಬರೆದುಕೊಡಿ.

ಬಿ ಶಿಫ್ಟ್ ಹುಡುಗ (ವೇಮಗಲ್)

ನೇಮಕ ಪತ್ರ ಇಲ್ಲ ಸಾರ್. ಏಜೆನ್ಸಿ ಕೊಟ್ಟ ಐಡಿ ಕಾರ್ಡ್ ಒಂದಿದೆ.

ತಾತ ಹೇಳಿದ್ದು ನಿಜ, ನಾವು ಒಬ್ಬೊಬ್ಬರೇ ಹೆದರ್ಕೊಂಡು ಕೂತಿದೀವಿ. ಲೈನಿನೋರ ಜೊತೆ ಮಾತಾಡ್ದೆ. ಶಿಫ್ಟ್ ಪಟ್ಟಿ ಒಂದು ವಾರ ಮುಂಚೆ ಬೋರ್ಡ್ ಮೇಲೆ ಹಾಕ್ಲಿ, ಅಷ್ಟೇ ಕೇಳೋಣ ಅಂದ್ರು. ಸಂಬಳದ ಮಾತು ಈಗ ಬೇಡ ಅಂತ. ಹೇಗೆ ಕೇಳ್ಬೇಕು?

ನಡುವೆ ಸಿಕ್ಕಾಕ್ಕೊಂಡೋನು (ನರಸಾಪುರ)

ತಮ್ಮಾ, ನಮಗೆ ಕಷ್ಟ ಆಗ್ತಿದೆ ಅಂತ ಬರೀಬೇಡ. ಕಷ್ಟಕ್ಕೆ ಮೇಲಿನೋರ ಹತ್ರ ಖಾನೆ ಇಲ್ಲ. ಗೈರುಹಾಜರಿಗೆ ಇದೆ. ಪಟ್ಟಿ ಮುಂಚೆ ಗೊತ್ತಾದ್ರೆ ಹೇಳದೇ ಕೇಳದೇ ರಜೆ ಹಾಕೋರು ಕಮ್ಮಿ ಆಗ್ತಾರೆ, ಬೇಕಾದ್ರೆ ಒಂದೇ ಲೈನಲ್ಲಿ ಒಂದು ತಿಂಗಳು ಮಾಡಿ ನೋಡಿ ಅಂತ ಬರೀ. ನಾನಾಗಿದ್ರೆ ಆ ಕಾಗದ ಹಿಡ್ಕೊಂಡು ಮೇಲೆ ಹೋಗೋಕೆ ನನಗೂ ಧೈರ್ಯ ಬರುತ್ತೆ. ನಿಮ್ಮ ಸೂಪರ್‌ವೈಸರ್‌ಗೂ ಮೊದಲೇ ತೋರಿಸಿ, ಹಿಂದಿಂದ ಹೋದ್ರಿ ಅಂತ ಅನ್ನಿಸಬಾರದು.

ಎಚ್ಆರ್ ಅಂತ ಬೈಬೇಡಿ

ಒಬ್ಬರ ಸಹಿ ಹಾಕಬೇಡಿ, ಇಡೀ ಲೈನಿಂದು ಹಾಕಿಸಿ, ದುಂಡಗೆ ಸುತ್ತಲೂ. ಯಾರು ಮೊದಲು ಹಾಕಿದ್ದು ಅಂತ ತಿಳೀಬಾರದು. ಪರ್ಮನೆಂಟ್ ಇರೋರ ಸಹಿಯೂ ಕೆಲವು ಇರಲಿ.

ಬಿ ಶಿಫ್ಟ್ ಹುಡುಗ (ವೇಮಗಲ್)

ಇಂಗ್ಲಿಷ್‌ನಲ್ಲಿ ಬರೀಬೇಕಾ ಸಾರ್?

ಮೇಷ್ಟ್ರು, ಮುಳಬಾಗಿಲು

ಕನ್ನಡದಲ್ಲೇ ಬರೆಯಿರಿ, ಕಳಿಸಿದರೆ ತಿದ್ದಿಕೊಡುತ್ತೇನೆ. 12ರೊಳಗೆ ಎಂದು ಮಾತ್ರ ಹೇಳಬೇಡಿ.

ಎಚ್ಆರ್ ಅಂತ ಬೈಬೇಡಿ

ಎರಡು ಪ್ರತಿ ಮಾಡಿ. ಒಂದರ ಮೇಲೆ ‘ಸ್ವೀಕರಿಸಿದೆ’ ಅಂತ ಸೀಲು, ತಾರೀಖು ಹಾಕಿಸ್ಕೊಂಡು ನಿಮ್ಮ ಹತ್ರ ಇಟ್ಕೊಳ್ಳಿ. ತಿಂಗಳ ಕೊನೇ ವಾರ ಕೊಡಬೇಡಿ, ಸಂಬಳದ ಲೆಕ್ಕದಲ್ಲಿ ಮುಳುಗಿರ್ತಾರೆ, ಯಾರೂ ಓದಲ್ಲ.